ಹಳೇ ತೇಗದ ಕನ್ನಡಿ ಕೊಳ್ಳೋ ಮುಂಚೆ ಹಿಂದೆ ತಿರುಗಿಸಿ ನೋಡಿ

ಸ್ವೀಡನ್, ಡೆನ್ಮಾರ್ಕ್ ಕಡೆ ಇರೋರಿಗೆ ಒಂದು ಸಲಹೆ. ಬೇಸಿಗೆಯ ಲೊಪ್ಪಿಸ್ ಅನ್ನೋ ಹಳೇ ಸಾಮಾನಿನ ಸಂತೆಗಳಲ್ಲಿ 1950-60ರ ದಶಕದ ತೇಗದ ಚೌಕಟ್ಟಿನ ಕನ್ನಡಿ ಕಂಡರೆ ಮುಂಭಾಗ ನೋಡಿ ಮರುಳಾಗಬೇಡಿ, ಮೊದಲು ತಿರುಗಿಸಿ. ಹಿಂದೆ ಕಾರ್ಖಾನೆಯ ಚೀಟಿ ಇಲ್ಲವೇ ಮುದ್ರೆ ಇರಬಹುದು. ಸ್ವೀಡನ್ನಿನ ವಿಟ್‌ಷೋ ಊರಿನ ಲಕ್ಸಸ್, ಮಾರ್ಕರಿಡ್‌ನ ಗ್ಲಾಸ್‌ಮೆಸ್ತರ್ ಹೆಸರು ಸಿಕ್ಕರೆ ಬೆಲೆ ಜಾಸ್ತಿ ಕೇಳ್ತಾರೆ. ಚೀಟಿ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ, ಎಷ್ಟೋ ಸಲ ಉದುರಿಹೋಗಿರುತ್ತೆ.

ಅಂಚಿನಲ್ಲಿ ಕಪ್ಪು ಚುಕ್ಕೆ ಇದ್ರೆ ನಾವು ಪಾದರಸ ಹೋಗಿದೆ ಅಂತೀವಲ್ಲ, ಅದು ಅಸಲಿಗೆ ಬೆಳ್ಳಿಯ ಲೇಪ ತೇವಕ್ಕೆ ಹಾಳಾಗಿರೋದು. ಸ್ವಲ್ಪ ಇದ್ರೆ ನನಗಂತೂ ಚೆಂದವೇ. ಆದರೆ ಬಚ್ಚಲುಮನೆಯಲ್ಲಿ ತೂಗುಹಾಕಬೇಡಿ. ಒರೆಸುವಾಗ ಗಾಜಿನ ಮೇಲೆ ನೇರ ಸ್ಪ್ರೇ ಮಾಡಬೇಡಿ, ದ್ರವ ಇಳಿದು ಚೌಕಟ್ಟಿನ ಸಂದಿಗೆ ಸೇರುತ್ತೆ. ಬಟ್ಟೆಗೆ ಸ್ಪ್ರೇ ಮಾಡಿ ಒರೆಸಿ.

ಆ ಕಾಲದ ಸೈಡ್‌ಬೋರ್ಡ್, ಮೇಜುಗಳಿಗೆ ಹೆಚ್ಚಾಗಿ ಇರೋದು ತೇಗದ ತೆಳು ವಿನಿಯರ್, ಅಂದ್ರೆ ಮೇಲೆ ಅಂಟಿಸಿದ ಮರದ ಹಾಳೆ. ಮೆಷಿನ್ ಹಾಕಿ ಉಜ್ಜಿದ್ರೆ ಒಳಗಿನ ಅಗ್ಗದ ಮರ ಇಣುಕುತ್ತೆ! ಎಣ್ಣೆ ಫಿನಿಶ್ ಇದ್ರೆ ಟೀಕ್ ಆಯಿಲ್ ತೆಳ್ಳಗೆ ಸವರಿ, ಹೆಚ್ಚಾದದ್ದು ಒರೆಸಿ, ಸಾಕು. ಎಣ್ಣೆ ಬಟ್ಟೆ ಮುದ್ದೆ ಮಾಡಿ ಕಸಕ್ಕೆ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಊರಿಗೆ ವಾಪಸ್ ಸಾಗಿಸೋ ಯೋಚನೆ ಇದ್ರೆ ತೇಗದ್ದೇ ಆರಿಸಿ. ಆ ಕಾಲದ ಕೆಲವು ಸಾಮಾನುಗಳಲ್ಲಿರೋ ಬ್ರೆಜಿಲ್ ಬೀಟೆಯ ಮರ (ರೋಸ್‌ವುಡ್) 1992ರಿಂದ ಸೈಟ್ಸ್, ಅಂದ್ರೆ ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸೋ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸೋ ಹಾಗಿಲ್ಲ.