ದಾರ, ನಾಯಿ ಕೂದಲು ಮತ್ತು ವ್ಯಾಕ್ಯೂಮ್: ನನ್ನ ಅನುಭವ

ಹೊಲಿಗೆ ಯಂತ್ರವೂ ನಾಯಿ-ಬೆಕ್ಕೂ ಇರುವ ಮನೆಗೆ ವ್ಯಾಕ್ಯೂಮ್ ಆರಿಸುವಾಗ ನಾನು ವ್ಯಾಟ್ ನೋಡುವುದಿಲ್ಲ. ಮೋಟರ್ ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಎಷ್ಟು ಕಸ ಎಳೆಯುತ್ತದೆ ಎಂಬುದನ್ನಲ್ಲ. ಮೊದಲು ಹೆಡ್ಡನ್ನು, ಅಂದರೆ ನೆಲಕ್ಕೆ ತಾಗುವ ತುದಿಯನ್ನು, ಮಗುಚಿ ನೋಡುತ್ತೇನೆ. ಅದರೊಳಗೆ ತಿರುಗುತ್ತ ಕಸ ಎಬ್ಬಿಸುವ ಬ್ರಶ್ ರೋಲರ್ ಸ್ಕ್ರೂಡ್ರೈವರ್ ಇಲ್ಲದೆ ಈಚೆ ಬರಬೇಕು, ತುದಿಯ ಮುಚ್ಚಳ ಬಿಚ್ಚುವಂತಿರಬೇಕು. ರೋಲರ್ ನಿಲ್ಲಿಸಿ ಬರೀ ಗಾಳಿಯಲ್ಲಿ ಎಳೆಯುವ ಸ್ವಿಚ್ಚಂತೂ ಇರಲೇಬೇಕು. ಉದ್ದನೆಯ ದಾರದ ಮೇಲೆ ತಿರುಗುವ ರೋಲರ್ ಓಡಿಸಿದರೆ ಅದು ದಾರವನ್ನು ಬ್ಯಾಗಿಗೆ ಕಳಿಸುವ ಬದಲು ತನಗೇ ಸುತ್ತಿಕೊಳ್ಳುತ್ತದೆ.

ಕಾರ್ಪೆಟ್ಟಿಗೆ ರೋಲರ್ ಬೇಕೇ ಬೇಕು, ಎಳೆಗಳ ನಡುವೆ ಸಿಕ್ಕಿದ ಕೂದಲು ಬರೀ ಗಾಳಿಗೆ ಏಳುವುದಿಲ್ಲ. ರೋಲರಿಗೆ ಪ್ರತ್ಯೇಕ ಮೋಟರ್ ಇರುವುದು ಒಳ್ಳೆಯದು. ಗಾಳಿಯಿಂದಲೇ ತಿರುಗುವ ಟರ್ಬೋ ಬ್ರಶ್ ಒಂದಿಷ್ಟು ಕೂದಲು ಸುತ್ತಿದರೆ ಸಾಕು, ನಿಂತುಬಿಡುತ್ತದೆ. ರಬ್ಬರ್ ಪಟ್ಟಿಯ ರೋಲರಿಗೆ ಬಿರುಗೂದಲಿನದಕ್ಕಿಂತ ಕಡಿಮೆ ಸುತ್ತುತ್ತದೆ. 'ಸುತ್ತುವುದೇ ಇಲ್ಲ' ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ.

ರೋಲರ್ ಬಿಡಿಸುವಾಗ ಪ್ಲಗ್ ಕಿತ್ತಿರಬೇಕು, ಕಾರ್ಡ್‌ಲೆಸ್ ಆದರೆ ಬ್ಯಾಟರಿ ತೆಗೆದಿರಬೇಕು. ಕತ್ತರಿಗಿಂತ ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿರುಗೂದಲ ಸಾಲುಗಳ ನಡುವಿನ ಜಾಗದಲ್ಲಿ ಅದನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಜಾರಿಸಿದರೆ ಸುತ್ತೆಲ್ಲ ಕತ್ತರಿಸಿಕೊಂಡು ಚಾಪೆಯಂತೆ ಏಳುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ನಿಜವಾದ ತೊಂದರೆ ಇರುವುದು ತುದಿಯಲ್ಲಿ. ಮುಚ್ಚಳ ತೆಗೆದರೆ ಬೇರಿಂಗ್ ಸುತ್ತ ಕೂದಲೂ ದಾರವೂ ಒತ್ತಿ ಗಟ್ಟಿಯಾದ ಉಂಗುರ ಕಾಣುತ್ತದೆ. ಚಿಮುಟದಿಂದ ಎಳೆ ಎಳೆಯಾಗಿ ಕೀಳಬೇಕು. ಬಿಟ್ಟರೆ ತಿಕ್ಕಾಟದ ಬಿಸಿಗೆ ಪ್ಲಾಸ್ಟಿಕ್ ಕರಗಬಹುದು, ರೋಲರ್ ಬಿಗಿದು ಅದನ್ನು ತಿರುಗಿಸುವ ಬೆಲ್ಟ್ ಜಾರಬಹುದು. ಸುಟ್ಟ ರಬ್ಬರ್ ವಾಸನೆ ಬಂದರೆ ಕೂಡಲೇ ಆಫ್ ಮಾಡಿ. ಬೇರಿಂಗಿಗೆ ಎಣ್ಣೆ ಬಿಡಬೇಡಿ, ದೂಳು ಅಂಟಿ ಇನ್ನಷ್ಟು ಕೆಡುತ್ತದೆ. ಹೆಡ್ಡಿನ ಪುಟ್ಟ ಚಕ್ರಗಳ ಅಚ್ಚಿಗೂ ದಾರ ಸುತ್ತಿರುತ್ತದೆ, ಅದನ್ನೂ ನೋಡಿ.

ಬ್ಯಾಗ್ ಇರುವುದೋ ಇಲ್ಲದ್ದೋ? ನನ್ನ ಮತ ಬ್ಯಾಗಿಗೆ. ಬ್ಯಾಗ್ ಇಲ್ಲದ್ದರಲ್ಲಿ ಕೂದಲು ಒಳಗಿನ ಜಾಲರಿಗೆ ಸುತ್ತಿಕೊಂಡು ಕೈ ಹಾಕಿಯೇ ಕೀಳಬೇಕಾಗುತ್ತದೆ, ಸಾಕುಪ್ರಾಣಿಯ ಚರ್ಮದ ಹೊಟ್ಟಿನಿಂದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬ್ಯಾಗ್ ಮುಕ್ಕಾಲು ತುಂಬುವಾಗಲೇ ಬದಲಿಸಿ. ತೊಳೆಯಬಹುದು ಎಂದು ಕೈಪಿಡಿಯಲ್ಲಿರುವ ಫಿಲ್ಟರನ್ನು ಮಾತ್ರ ತಣ್ಣೀರಲ್ಲಿ ತೊಳೆದು, ಕನಿಷ್ಠ 24 ಗಂಟೆ ನೆರಳಲ್ಲಿ ಒಣಗಿಸಿ. ಒದ್ದೆಯಿದ್ದಾಗಲೇ ಹಾಕಿದರೆ ದೂಳು ಕೆಸರಾಗಿ ಅಂಟುತ್ತದೆ, ನಾರುತ್ತದೆ, ತೇವ ಮೋಟರಿಗೂ ಹೋಗಬಹುದು.

ಹೊಲಿಗೆ ಜಾಗದಲ್ಲಿ ಓಡಿಸುವ ಮೊದಲು ಒಂದು ಅಯಸ್ಕಾಂತ ಆಡಿಸಿ ಗುಂಡುಸೂಜಿ ಎತ್ತಿಕೊಳ್ಳಿ. ಹೋಸಿನ ತಿರುವಿನಲ್ಲಿ ಅಡ್ಡ ಸಿಕ್ಕಿಕೊಳ್ಳುವ ಒಂದು ಸೂಜಿ ಸಾಕು, ಹಿಂದೆ ಬರುವ ದಾರವೆಲ್ಲ ಅದಕ್ಕೇ ತೊಡರಿ ಉಂಡೆ ಕಟ್ಟುತ್ತದೆ. ಎಳೆತ ಕುಗ್ಗಿದರೆ ಹೋಸ್ ಬಿಚ್ಚಿ, ನೇರ ಹಿಡಿದು ನಾಣ್ಯ ಬಿಡಿ. ಕೆಳಗಿನಿಂದ ಬೀಳದಿದ್ದರೆ ಗಂಟು ಒಳಗೇ ಇದೆ. ಸರಾಗ ಬಿದ್ದರೆ ಫಿಲ್ಟರ್ ಕಡೆ ಹೋಗಿ.