ಮಳೆಗಾಲದಲ್ಲಿ ಊಟದ ಮೇಜಿನ ಮೇಲೆ ದೋಣಿಯ ವೈರಿಂಗ್

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಯಿದೋಣಿಗೆ ಕೆಲಸ ಇರುವುದಿಲ್ಲ. ನಮ್ಮದೂ ಗೋವಾದಲ್ಲಿ ದಡ ಹತ್ತಿ, ಟಾರ್ಪಾಲು ಹೊದ್ದು ಕೂತಿರುತ್ತದೆ. ನಾನಿರುವುದು ಬೆಂಗಳೂರಿನಲ್ಲಿ. ಹಾಗಾಗಿ ಜಿಪಿಎಸ್, ಸಮುದ್ರದ ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರ್, ಸುತ್ತಲಿನ ಹಡಗುಗಳನ್ನು ಗುರುತಿಸುವ ಎಐಎಸ್, ಆಳ ತೋರಿಸುವ ಡೆಪ್ತ್ ಸೌಂಡರ್ ಎಲ್ಲವನ್ನೂ ಮೊದಲು ಮನೆಯ ಊಟದ ಮೇಜಿನ ಮೇಲೆ ಜೋಡಿಸಿ, ಓಡಿಸಿ ನೋಡಿದೆ. ಆಮೇಲೆ ದೋಣಿಗೆ ಒಯ್ದೆ. ಹೊಸದಾಗಿ ಹಾಕುವವರಿಗೆ ನಾನು ಹೇಳುವುದೂ ಇದನ್ನೇ. ದೋಣಿಯೊಳಗೆ ಬಗ್ಗಿಕೊಂಡು, ಬೆವರು ಸುರಿಸುತ್ತಾ ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಹುಡುಕುವುದು ಬಹಳ ಕಷ್ಟ.

ಪವರ್ ಸಪ್ಲೈ, ಮಲ್ಟಿಮೀಟರ್, ಫ್ಯೂಸ್ ಹೋಲ್ಡರ್, ಕ್ರಿಂಪಿಂಗ್ ಟೂಲ್ ಎಲ್ಲ ಎಸ್.ಪಿ. ರಸ್ತೆಯಲ್ಲೇ ಸಿಕ್ಕವು. ವೈರ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮನೆಗೆ ಹಾಕುವ ತಾಮ್ರದ ವೈರ್ ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗುತ್ತದೆ. ತವರ ಲೇಪಿಸಿದ ಟಿನ್ಡ್ ವೈರನ್ನೇ ಹುಡುಕಿ ತನ್ನಿ. ದಪ್ಪವನ್ನೂ ಲೆಕ್ಕ ಹಾಕಿ. ಬೇರೆ ಹಡಗು, ದಡದ ಜೊತೆ ಮಾತಾಡಲು ಇರುವ 25 ವಾಟ್‌ನ ವಿಎಚ್‌ಎಫ್ ರೇಡಿಯೋ, ನಾವು ಮಾತಾಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. ನಮ್ಮ ದೋಣಿಯಲ್ಲಿ ಬ್ಯಾಟರಿಯಿಂದ ರೇಡಿಯೋಗೆ 6 ಮೀಟರ್, ಹೋಗಿ ಬರುವುದು 12 ಮೀಟರ್. 2.5 ಸ್ಕ್ವೇರ್ ಎಂಎಂ ಹಾಕಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅದಕ್ಕೇ 4 ಸ್ಕ್ವೇರ್ ಹಾಕಿದೆ. ನಷ್ಟ ಶೇ. 3ರ ಒಳಗೆ ಬಂತು.

ಉಪಕರಣಗಳು ಪರಸ್ಪರ ಮಾತಾಡುವುದು ಎನ್‌ಎಂಇಎ 2000 ಎಂಬ, ದೋಣಿಗಳಿಗೆಂದೇ ಇರುವ ಡೇಟಾ ಜಾಲದಲ್ಲಿ. ಉದ್ದಕ್ಕೆ ಒಂದು ಮುಖ್ಯ ಕೇಬಲ್. ಅದಕ್ಕೆ ಇಂಗ್ಲಿಷಿನ T ಆಕಾರದ ಕನೆಕ್ಟರ್ ಹಾಕಿ ಒಂದೊಂದು ಉಪಕರಣಕ್ಕೂ ಒಂದೊಂದು ಕವಲು. ಕವಲು 6 ಮೀಟರ್ ದಾಟಬಾರದು. ಮುಖ್ಯ ಕೇಬಲ್‌ನ ಎರಡೂ ತುದಿಗೆ 120 ಓಮ್‌ನ ಟರ್ಮಿನೇಟರ್, ಅಂದರೆ ತುದಿಗೆ ಹಾಕುವ ರೆಸಿಸ್ಟರ್, ಇರಲೇಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಪವರ್ ಆಫ್ ಮಾಡಿ, ಬಿಳಿ ಮತ್ತು ನೀಲಿ ವೈರ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಮ್ ಹತ್ತಿರ ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಟರ್ ಸೇರಿಲ್ಲ. 40 ಬಂದರೆ ಮೂರನೆಯದೊಂದು ಎಲ್ಲೋ ಕೂತಿದೆ. ಮೀಟರ್‌ನಲ್ಲಿ 60 ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ!

ಆಂಟೆನಾವನ್ನು ಬಾಲ್ಕನಿಯಲ್ಲಿಟ್ಟ ಸ್ವಲ್ಪ ಹೊತ್ತಿಗೆ ಜಿಪಿಎಸ್ ನಾವಿರುವ ಜಾಗ ಗುರುತಿಸಿತು. ಸಮುದ್ರದ ಚಾರ್ಟ್ ಅಲ್ವಾ, ಬೆಂಗಳೂರು ಇರುವ ಕಡೆ ಬರೀ ಹಳದಿ ನೆಲ, ಮಧ್ಯೆ ನಮ್ಮ ದೋಣಿಯ ಗುರುತು. ಎಐಎಸ್‌ಗೆ ಇಲ್ಲಿ ಹಡಗುಗಳು ಸಿಗುವುದಿಲ್ಲ. ಅದು ಪ್ಲಾಟರ್‌ನ ಉಪಕರಣಗಳ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಮನೆಯಲ್ಲಿ ಅಷ್ಟು ಸಾಕು. ಒಂದು ಎಚ್ಚರಿಕೆ: ಆಂಟೆನಾ ಜೋಡಿಸದೆ ವಿಎಚ್‌ಎಫ್ ಮೈಕ್‌ನ ಬಟನ್ ಒತ್ತಬೇಡಿ, ರೇಡಿಯೋ ಹಾಳಾಗಬಹುದು.

ಬಿಚ್ಚುವ ಮುಂಚೆ ಪ್ರತಿ ವೈರ್‌ನ ಎರಡೂ ತುದಿಗೆ ಲೇಬಲ್ ಹಾಕಿ ಫೋಟೋ ತೆಗೆದುಕೊಂಡೆ. ದೋಣಿಯಲ್ಲಿ ಉಳಿದದ್ದು ವೈರ್ ಎಳೆಯುವ ಕೆಲಸವೇ ಜಾಸ್ತಿ. ರೇಡಿಯೋ ಸ್ಪೀಕರ್‌ನಲ್ಲಿ ಅಯಸ್ಕಾಂತ ಇರುತ್ತದೆ, ಅದನ್ನು ದಿಕ್ಸೂಚಿಯಿಂದ ದೂರ ಕೂರಿಸಿದೆ. ಹೊರಗಿನ ವೈರ್ ಒಳಗೆ ಬರುವ ಕಡೆಯೆಲ್ಲ ಕೆಳಕ್ಕೊಂದು ಬಳುಕು ಬಿಟ್ಟೆ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಅಕ್ಟೋಬರ್‌ನಲ್ಲಿ ದೋಣಿ ನೀರಿಗಿಳಿದ ಮೇಲೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆದೆ. ಸೌಂಡರ್ ತೋರಿಸಿದ್ದರ ಜೊತೆ ತಾಳೆ ನೋಡಿ, ಕೀಲ್‌ನ (ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ಭಾಗ) ಅಡಿಯಿಂದ ಕೆಳಗೆ ಎಷ್ಟು ನೀರಿದೆ ಅಂತ ತೋರಿಸುವ ಹಾಗೆ ಸೆಟ್ ಮಾಡಿದೆ. ದೋಣಿ ನಡೆಸುವ ಗೆಳೆಯರಿಗೂ ಗೊಂದಲ ಆಗದಿರಲಿ ಅಂತ ಪರದೆಯ ಪಕ್ಕ ‘ಕೀಲ್‌ನಿಂದ ಕೆಳಗೆ’ ಎಂದು ಬರೆದು ಅಂಟಿಸಿದ್ದೇನೆ.