ಮಳೆ ಅಳೆದು ಮಂಕು ಕಳೆದದ್ದು: ನನ್ನ ಅನುಭವ

ಆರಿದ್ರಾ ಮಳೆಯಿಂದ ಆಶ್ಲೇಷ ಮಳೆಯವರೆಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರುವವರಿಗೆ ಮಂಕು ಹಿಡಿಯುವುದು ಹೊಸದಲ್ಲ. "ಮಳೆ ನಿಂತ್ರೆ ಎಲ್ಲ ಸರಿಯಾಗ್ತದೆ ಬಿಡಿ ಮಾರಾಯ್ರೆ" ಅನ್ನುವುದೇ ಊರಿನ ಮದ್ದು. ಮಳೆ ಅಳೆಯಿರಿ, ಮನಸ್ಸು ನೆಟ್ಟಗಾಗ್ತದೆ ಅಂತ ನಾನು ಅಂದಾಗ ನಕ್ಕವರೇ ಹೆಚ್ಚು. ಈಗ ನಕ್ಕವರಲ್ಲೇ ನಾಲ್ಕೈದು ಮನೆಯ ಅಂಗಳದಲ್ಲಿ ಮಾಪಕ ಕೂತಿದೆ.

ಮೊದಲು ಮಾಪಕದ ವಿಷಯ. 16 ಸೆಂ.ಮೀ. ಬಾಯಿಯ ಆಲಿಕೆ, 5 ಲೀಟರಿನ ಹಳೆಯ ಕ್ಯಾನು, ಎಂ.ಎಲ್. ಗೆರೆಯಿರುವ ಜಗ್ಗು. ಆ ಬಾಯಿಗೆ 20 ಎಂ.ಎಲ್. ನೀರು ಅಂದರೆ 1 ಮಿ.ಮೀ. ಮಳೆ. ಖರ್ಚು ಇನ್ನೂರು ರೂಪಾಯಿ ಆಸುಪಾಸು. ಒಂದು ಲೀಟರಿನ ಬಾಟಲಿ ಇಟ್ಟವರದ್ದು 50 ಮಿ.ಮೀ.ಗೇ ತುಂಬಿ ಚೆಲ್ಲುತ್ತದೆ. ನಮ್ಮಲ್ಲಿ 200 ಮಿ.ಮೀ. ಸುರಿದ ದಿನ 4 ಲೀಟರ್ ಬರುತ್ತದೆ. ಅಡುಗೆಮನೆಯ ಚಪ್ಪಟೆ ಆಲಿಕೆ ಬೇಡ, ಹನಿ ಸಿಡಿದು ಹೊರಗೆ ಹೋಗುತ್ತದೆ. ಬಾಯಿ ನೆಲದಿಂದ ಒಂದಡಿ ಮೇಲಿರಲಿ. ಸೂರಿನ ನೀರು ತಾಗದ, ಮರದ ನೆರಳಿಲ್ಲದ ಜಾಗ ಅಂದರೆ ಅಡಿಕೆ ಒಣಗಿಸುವ ಅಂಗಳವೇ.

ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ನಾನು ಅಳೆಯುವುದು 6:30ಕ್ಕೆ. ಮಳೆಯ ಲೆಕ್ಕಕ್ಕಿಂತ ಆ ಹೊತ್ತಿಗೆ ಕಾಲು ಅಂಗಳಕ್ಕೆ, ಬೆಳಗಿನ ಬೆಳಕು ಕಣ್ಣಿಗೆ ಬೀಳುವುದು ಮುಖ್ಯ. ಅಳೆದು ಬರೆದ ಮೇಲೆ ಅರ್ಧ ಗಂಟೆ ಬಯಲಲ್ಲೇ ಇರಬೇಕು: ಕೊಡೆ ಹಿಡಿದು ಗೇಟಿನವರೆಗೆ ನಡೆದರೂ ಸೈ, ಕಾಲುವೆ ಬಿಡಿಸಿದರೂ ಸೈ. ತೋಟದೊಳಗೆ ನಡೆದರೆ ಇದೇ ಲೆಕ್ಕ ಆಗುವುದಿಲ್ಲ, ಸೋಗೆಯ ಕೆಳಗೆ ಬೆಳಕೇ ಇಲ್ಲ. ಮೊಬೈಲ್ ಆ್ಯಪಿನಲ್ಲಿ ಅಳೆದರೆ ನಡುಮನೆಯಲ್ಲಿ ನಲವತ್ತು ಐವತ್ತು ಲಕ್ಸ್ (ಬೆಳಕಿನ ಅಳತೆ), ಜಗಲಿಯಲ್ಲಿ ಮುನ್ನೂರು, ಮೋಡ ಕವಿದ ಅಂಗಳದಲ್ಲೂ ನಾಲ್ಕೈದು ಸಾವಿರ. ಆ್ಯಪ್ ಅಷ್ಟು ನಿಖರವಲ್ಲ, ಆದರೆ ವ್ಯತ್ಯಾಸ ನೂರು ಪಟ್ಟಿನದ್ದಾದರೆ ನಿಖರತೆ ಕಟ್ಟಿಕೊಂಡು ಏನು?

ಮಂಕು ಕಳೆಯಲೆಂದು ಮಾರುವ 10,000 ಲಕ್ಸ್ ದೀಪವನ್ನೂ ತರಿಸಿ ನೋಡಿದ್ದಾಯಿತು, ಮೂರು ಸಾವಿರ ರೂಪಾಯಿಯ ಹತ್ತಿರ ಬಿತ್ತು. ಪೆಟ್ಟಿಗೆಯ ಮೇಲಿನ ಆ ಅಂಕಿ ಸಿಗುವುದು ಮುಖದಿಂದ ಒಂದು ಗೇಣು ದೂರದಲ್ಲಿ. ಒಂದು ಮೊಳಕ್ಕೆ ಸರಿಸಿದರೆ ಅರ್ಧವೂ ಇಲ್ಲ. ಪುನರ್ವಸು ಮಳೆಯಲ್ಲಿ ಕರೆಂಟು ಎರಡು ಮೂರು ದಿನ ಹೋಯಿತೆಂದರೆ ಅದು ಬರೀ ಡಬ್ಬ. ಬೈಪೋಲಾರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಹಚ್ಚಲೇಬಾರದು. ನಿದ್ದೆ ಲೆಕ್ಕ ಹಾಕುವ ವಾಚಿಗೂ ಸುಮಾರು ಅಷ್ಟೇ ದುಡ್ಡು ಹೋಯಿತು. "ಗಾಢ ನಿದ್ದೆ ಕಡಿಮೆ" ಅಂತ ದಿನಾ ತೋರಿಸಿ ಅದೇ ಒಂದು ಚಿಂತೆ ಹುಟ್ಟಿಸುತ್ತದೆ.

ಪುಸ್ತಕದಲ್ಲಿ ದಿನಕ್ಕೆ ನಾಲ್ಕೇ ಅಂಕಿ: ಎದ್ದ ಹೊತ್ತು, ಮಳೆ, ಬಯಲಲ್ಲಿ ಕಳೆದ ನಿಮಿಷ, ರಾತ್ರಿ ಊಟಕ್ಕೆ ಮುಂಚೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಊಟದ ನಂತರ ಹಾಕಿದರೆ ಎಲ್ಲರದ್ದೂ ಒಂದಂಕ ಜಾಸ್ತಿಯೇ ಬರುತ್ತದೆ. ಒಂದು ಮಳೆಗಾಲದ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ಗೊತ್ತಾಗುತ್ತದೆ: 150 ಮಿ.ಮೀ. ದಾಟಿದ ದಿನವೂ ಆರು ಏಳು ಅಂಕ ಇದೆ, ಹತ್ತು ಮಿ.ಮೀ. ಬಿದ್ದ ದಿನ ಮೂರು ಇದೆ. ಅಂಕ ಇಳಿದದ್ದು ಎದ್ದ ಹೊತ್ತು ಒಂದೂವರೆ ಗಂಟೆ ಜಾರಿದ ದಿನಗಳಲ್ಲಿ. ಮಳೆಯ ಮೇಲೆ ಹೊರಿಸಿದ ಆರೋಪ ಅಲ್ಲಿಗೆ ಬಿತ್ತು.

ಏಳುವ ಹೊತ್ತು ಗಟ್ಟಿಯಾಗಬೇಕಾದರೆ ಸಂಜೆಯನ್ನು ಹಿಡಿಯಬೇಕು. ಕುಡಿದ ಕಾಫಿಯ ಕೆಫೀನಿನಲ್ಲಿ ಐದಾರು ಗಂಟೆಯ ನಂತರವೂ ಅರ್ಧ ಮೈಯಲ್ಲೇ ಇರುತ್ತದೆ, ಹಾಗಾಗಿ ಮೂರರ ಮೇಲೆ ಕಾಫಿ ಇಲ್ಲ, ಕಷಾಯ. ಕೊತ್ತಂಬರಿ ಎರಡು ಪಾಲು, ಜೀರಿಗೆ ಒಂದು ಪಾಲು ಹುರಿದು ಪುಡಿ. ಕಾಳುಮೆಣಸು ಜಾಸ್ತಿ ಮಾಡಿದರೆ ರಾತ್ರಿ ಎದೆಯುರಿ. ಕಾಫಿಗಿಂತ ಕಷ್ಟದ್ದು ರಾತ್ರಿ ಊಟದ ಮೇಲಿನ ಕವಳ, ಅಂದರೆ ಎಲೆಯಡಿಕೆ. ಅಡಿಕೆ ಬೆಳೆಯುವವರು ಒಪ್ಪುವುದಿಲ್ಲ, ಆದರೆ ಅಡಿಕೆಯೂ ಹೊಗೆಸೊಪ್ಪೂ ಎಚ್ಚರ ಇಡುವ ವಸ್ತುಗಳೇ. ಕವಳವನ್ನು ಮಧ್ಯಾಹ್ನಕ್ಕೆ ಸರಿಸುವ ಉಪಾಯ ಒಂದು ನನ್ನಲ್ಲಿದೆ, ಬರೆಯುವುದಿಲ್ಲ. ಮನೆಗೆ ಬಂದವರಿಗೆ ಹೇಳುತ್ತೇನೆ.

ಕಣ್ಣುಮುಚ್ಚಿ ಮುಕ್ಕಾಲು ಗಂಟೆ ಧ್ಯಾನಕ್ಕೆ ಕೂರುವುದು ಮಳೆಗಾಲದಲ್ಲಿ ನಡೆಯಲಿಲ್ಲ. ಹಂಚಿನ ಮೇಲಿನ ಸದ್ದಿಗೆ ಮನಸ್ಸು ನೇರ ಅಡಿಕೆಯ ಕೊಳೆರೋಗಕ್ಕೇ ಹೋಗುತ್ತದೆ. ಅದರ ಬದಲು ಸಂಜೆ ಐದಕ್ಕೆ, ಗಡಿಯಾರ ಇಟ್ಟು ಹದಿನೈದು ನಿಮಿಷ, ಚಿಂತೆಯನ್ನು ಎರಡು ಸಾಲು ಮಾಡಿ ಬರೆಯುವುದು. ಎಡಕ್ಕೆ ಕೈಯಲ್ಲಿರುವ ಕೆಲಸ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಎರಡನೇ ಸರದಿಗೆ ಕೊನೆಗಾರನಿಗೆ (ಮರ ಹತ್ತುವವನಿಗೆ) ಫೋನು, ಸುಣ್ಣ ಹಸಿಯಾಗಿದೆಯೋ ನೋಡುವುದು. ಬಲಕ್ಕೆ ಕೈಯಲ್ಲಿಲ್ಲದ್ದು: ಅಡಿಕೆ ಧಾರಣೆ, ಗಾಳಿ. ಎಡದಿಂದ ಒಂದನ್ನು ಅಂದೇ ಮಾಡಬೇಕು, ಚಿಕ್ಕದಾದರೂ. ಇದನ್ನೇ ಹಾಸಿಗೆಯಲ್ಲಿ ಮಾಡಿದರೆ ಎರಡು ಗಂಟೆಯವರೆಗೂ ನಿದ್ದೆ ಬರುವುದಿಲ್ಲ. ಬಲಗಡೆ ಮಾತ್ರ ಉದ್ದವಾಗುತ್ತಾ ಎಡಗಡೆ ಖಾಲಿ ಉಳಿದರೆ, ಎರಡು ವಾರ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮಾಪಕದಿಂದ ಆಗುವ ಕೆಲಸವಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯುವುದು ಬೇಡ. ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ಬಿಡಬೇಡಿ.

ಬಯಲಿಗೆ ಇಳಿಯಲು ಇಂಬಳದ (ಜಿಗಣೆಯ) ನೆಪ ಹೇಳುವವರಿಗೆ: ಗಮ್ ಬೂಟಿನ ಅಂಚಿಗೆ ಹೊಗೆಸೊಪ್ಪಿನ ನೀರು ಸವರಿ. ರಾತ್ರಿಯ ಕವಳ ಬಿಟ್ಟ ಮೇಲೆ ಸೊಪ್ಪು ಉಳಿದೇ ಇರುತ್ತದಲ್ಲ.

ಇನ್ನೂ ಕೂಡಿ ಬಾರದಿರುವುದು ಕೊಯ್ಲಿನ ಕಾಲ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿತ, ಆಮೇಲೆ ಬೇಯಿಸುವ ಒಲೆ. ಏಳುವ ಹೊತ್ತನ್ನು ತಳ್ಳಿದರೆ ವಾರದಲ್ಲಿ ಅಂಕ ಇಳಿಯುತ್ತದೆ. ತಳ್ಳದಿದ್ದರೆ ಮಧ್ಯಾಹ್ನ ತೂಕಡಿಕೆ. ಸದ್ಯಕ್ಕೆ 6:30 ಬಿಡದೆ, ಮಧ್ಯಾಹ್ನ ಊಟದ ನಂತರ, ಮೂರು ಗಂಟೆ ಹೊಡೆಯುವ ಮುಂಚೆ ಇಪ್ಪತ್ತು ನಿಮಿಷ ಜಗಲಿಯ ಮೇಲೆ, ಹಾಸಿಗೆ ಬಿಡಿಸದೆ ಮಲಗುವುದು. ಹಾಸಿಗೆ ಬಿಡಿಸಿದವರು ಸಂಜೆ ಐದಕ್ಕೇ ಏಳುವುದು.